ನನ್ನ ಸ್ವಿಚ್ 63 ಪರ್ಸೆಂಟ್ ದಾಟ್ತಾನೇ ಇಲ್ಲ, ಐಸ್ಲಿಪ್ ಬರೆದವರು ಯಾರಾದರೂ ಇದ್ದೀರಾ?

ಗಂಜ್ ಹುಡುಗಿ, ಕಲಬುರಗಿ

ಎಲ್ಲರಿಗೂ ನಮಸ್ಕಾರ ರೀ. ಪೋಸ್ಟ್ ಸ್ವಲ್ಪ ಉದ್ದ ಇದೆ, ಬೈಯಬೇಡಿ.

ನಾನು ಎಂ.ಟೆಕ್ ಕೊನೆಯ ಸೆಮಿಸ್ಟರ್. ಪ್ರಾಜೆಕ್ಟ್ ಮಾಡ್ತಿರೋದು ಪ್ಯಾಕೆಟ್ ಸ್ವಿಚ್ ಒಳಗಿನ ಶೆಡ್ಯೂಲಿಂಗ್ ಮೇಲೆ. ಅಂದರೆ ನೆಟ್‌ವರ್ಕ್ ಸ್ವಿಚ್‌ಗೆ ಬಂದ ಡೇಟಾ ತುಂಡುಗಳಲ್ಲಿ (ಪ್ಯಾಕೆಟ್) ಯಾವುದು ಯಾವಾಗ ಹೊರಗೆ ಹೋಗಬೇಕು ಅಂತ ತೀರ್ಮಾನಿಸೋದು. ಐಸ್ಲಿಪ್ ಅದಕ್ಕಿರುವ ಒಂದು ಅಲ್ಗಾರಿದಮ್. ಗೈಡ್ ಕೊಟ್ಟ ವಿಷಯ ಅಲ್ಲ. ಅವರು "ಮಷೀನ್ ಲರ್ನಿಂಗ್ ಏನಾದರೂ ತಗೋಮ್ಮ, ಬೇಗ ಮುಗಿಯುತ್ತೆ" ಅಂದಿದ್ದರು. ನಾನೇ ಹಟ ಹಿಡಿದು ಇದನ್ನು ತಗೊಂಡೆ. ಈಗ ಹದಿನೈದು ದಿನದಿಂದ ಒಂದೇ ಕಡೆ ಸಿಕ್ಕಿ ಬಿದ್ದಿದ್ದೇನೆ. ಅವರ ಎದುರಿಗೆ ಹೋಗೋಕೂ ಮುಜುಗರ.

ಹಟ ಯಾಕೆ ಅಂದರೆ, ಈ ಸಮಸ್ಯೆಯನ್ನು ಪುಸ್ತಕದಲ್ಲಿ ಓದುವ ಮೊದಲೇ ಕಣ್ಣಾರೆ ನೋಡಿದ್ದೆ. ಅಪ್ಪ ನೆಹರು ಗಂಜ್‌ನಲ್ಲಿ ಒಂದು ಅಡತಿ ಅಂಗಡಿಯ ಲೆಕ್ಕ ಬರೆಯುತ್ತಾರೆ. ಡಿಸೆಂಬರ್ ಕೊನೆಗೆ ಹೊಸ ತೊಗರಿ ಬರೋಕೆ ಶುರುವಾದರೆ ಅವರು ಮನೆಗೆ ಊಟಕ್ಕೆ ಬರುವುದಿಲ್ಲ, ನಾನೇ ಬುತ್ತಿ ಒಯ್ಯಬೇಕು. ಒಂದು ಮಧ್ಯಾಹ್ನ ಆ ಓಣಿಯಲ್ಲಿ ಟ್ರ್ಯಾಕ್ಟರ್ ಸಾಲು ಅಲುಗಾಡದೆ ನಿಂತಿತ್ತು. ಎಲ್ಲಕ್ಕಿಂತ ಮುಂದಿದ್ದದ್ದು ಆಳಂದ ಕಡೆಯ ಟ್ರ್ಯಾಕ್ಟರ್. ಅದು ಹೋಗಬೇಕಾದ ಅಂಗಡಿ ಮುಂದೆ ಚೀಲ ಇಳಿಸೋಕೆ ಜಾಗ ಇಲ್ಲ, ಹಿಂದಿನ ಲೋಡಿನ ತೂಕವೇ ಇನ್ನೂ ಮುಗಿದಿಲ್ಲ. ಅದರ ಹಿಂದೆ ಆರು ಟ್ರ್ಯಾಕ್ಟರ್. ಆ ಆರರಲ್ಲಿ ಎರಡು ಅಪ್ಪನ ಅಂಗಡಿಗೇ ಬರಬೇಕಾದವು. ಅಪ್ಪನ ಕಟ್ಟೆ ಪೂರ್ತಿ ಖಾಲಿ. ಹಮಾಲರು ನೆರಳಲ್ಲಿ ಕೂತು ಬೀಡಿ ಸೇದುತ್ತಿದ್ದರು. ಓಣಿ ಎಷ್ಟು ಇಕ್ಕಟ್ಟು ಅಂದರೆ ಪಕ್ಕದಿಂದ ಒಂದು ಬೈಕ್ ಕೂಡ ನುಸುಳೋಕೆ ಆಗುತ್ತಿರಲಿಲ್ಲ. ಮಾಲೂ ಇದೆ, ಇಳಿಸೋಕೆ ಆಳೂ ಇದ್ದಾರೆ, ಕೆಲಸ ಮಾತ್ರ ನಿಂತಿದೆ. ಅಪ್ಪ ಅವತ್ತು ಫೋನಿನಲ್ಲಿ ಯಾರ ಮೇಲೋ ಕೂಗಾಡಿದ್ದು ಇನ್ನೂ ನೆನಪಿದೆ.

ಆಮೇಲೆ ಕ್ಲಾಸಿನಲ್ಲಿ ಬೋರ್ಡ್ ಮೇಲೆ ಹೆಡ್ ಆಫ್ ಲೈನ್ ಬ್ಲಾಕಿಂಗ್ ಅಂತ ಬರೆದಾಗ ನನ್ನ ಕಣ್ಣಿಗೆ ಕಂಡದ್ದು ಆ ಆಳಂದದ ಟ್ರ್ಯಾಕ್ಟರೇ.

ಸರಿ, ವಿಷಯಕ್ಕೆ ಬರ್ತೀನಿ. ಪೈಥಾನ್‌ನಲ್ಲಿ 16 ಇನ್‌ಪುಟ್, 16 ಔಟ್‌ಪುಟ್ ಇರುವ ಕ್ರಾಸ್‌ಬಾರ್ ಸ್ವಿಚ್ ಬರೆದಿದ್ದೇನೆ. ಸಮಯವನ್ನು ಸ್ಲಾಟ್‌ಗಳಾಗಿ ಕತ್ತರಿಸಿದ್ದೇನೆ. ಒಂದು ಸ್ಲಾಟ್‌ನಲ್ಲಿ ಒಂದು ಇನ್‌ಪುಟ್ ಒಂದೇ ಪ್ಯಾಕೆಟ್ ಕಳಿಸಬಹುದು, ಒಂದು ಔಟ್‌ಪುಟ್ ಒಂದೇ ಪ್ಯಾಕೆಟ್ ತೆಗೆದುಕೊಳ್ಳಬಹುದು. ಪ್ಯಾಕೆಟ್ ಯಾವ ಔಟ್‌ಪುಟ್‌ಗೆ ಹೋಗಬೇಕು ಅನ್ನೋದು ರ‍್ಯಾಂಡಮ್, ಹದಿನಾರಕ್ಕೂ ಸಮಾನ ಅವಕಾಶ.

ಮೊದಲು ಪ್ರತಿ ಇನ್‌ಪುಟ್‌ಗೆ ಒಂದೇ ಫಿಫೋ ಸಾಲು (ಮೊದಲು ಬಂದವರು ಮೊದಲು) ಇಟ್ಟೆ. ಸ್ವಿಚ್‌ನ ಪೂರ್ತಿ ಶಕ್ತಿಯಲ್ಲಿ 60 ಪರ್ಸೆಂಟ್ ಹತ್ತಿರ ಉಸಿರು ಕಟ್ಟಿತು. ಅದು ಸರಿಯೇ. ಕರೋಲ್ ಮತ್ತು ಅವರ ಜೊತೆಗಾರರು 1987ರಲ್ಲೇ ಲೆಕ್ಕ ಹಾಕಿ, ಪೋರ್ಟ್ ಜಾಸ್ತಿ ಆದಂತೆ ಇದು 58.6 ಪರ್ಸೆಂಟ್‌ಗೆ ಬಂದು ನಿಲ್ಲುತ್ತೆ ಅಂತ ತೋರಿಸಿದ್ದಾರೆ. ಎರಡರಿಂದ ಎರಡರ ವರ್ಗಮೂಲ ಕಳೆದರೆ ಬರುವ ಸಂಖ್ಯೆ ಅದು.

ಆಮೇಲೆ ವಿಒಕ್ಯೂ ಮಾಡಿದೆ. ಅಂದರೆ ಪ್ರತಿ ಇನ್‌ಪುಟ್‌ನಲ್ಲಿ ಪ್ರತಿ ಔಟ್‌ಪುಟ್‌ಗೂ ಬೇರೆ ಸಾಲು. ಒಟ್ಟು 256 ಸಾಲು. ಆಳಂದದವನು ತನ್ನ ಸಾಲಿನಲ್ಲಿ ಎಷ್ಟು ಹೊತ್ತು ಬೇಕಾದರೂ ನಿಂತಿರಲಿ, ನಮ್ಮ ಟ್ರ್ಯಾಕ್ಟರ್ ಬೇರೆ ಸಾಲಿನಲ್ಲಿ ಮುಂದೆ ಹೋಗಬಹುದು. ಅದರ ಮೇಲೆ ಐಸ್ಲಿಪ್ ಶೆಡ್ಯೂಲರ್ ಬರೆದೆ. ಮೂರು ಹಂತ ಇದೆ ಅಲ್ವಾ: ಇನ್‌ಪುಟ್ ತನ್ನ ಹತ್ತಿರ ಯಾರ್ಯಾರಿಗೆ ಮಾಲು ಇದೆಯೋ ಆ ಎಲ್ಲ ಔಟ್‌ಪುಟ್‌ಗೂ ರಿಕ್ವೆಸ್ಟ್ ಕಳಿಸುತ್ತೆ. ಔಟ್‌ಪುಟ್ ಒಬ್ಬರಿಗೆ ಗ್ರಾಂಟ್ ಕೊಡುತ್ತೆ. ಒಂದಕ್ಕಿಂತ ಜಾಸ್ತಿ ಗ್ರಾಂಟ್ ಬಂದರೆ ಇನ್‌ಪುಟ್ ಅದರಲ್ಲಿ ಒಂದನ್ನು ಒಪ್ಪಿಕೊಳ್ಳುತ್ತೆ. ಯಾರನ್ನು ಆರಿಸಬೇಕು ಅನ್ನೋಕೆ ಪ್ರತಿಯೊಂದಕ್ಕೂ ಗಡಿಯಾರದ ಮುಳ್ಳಿನ ಹಾಗೆ ಒಂದು ಪಾಯಿಂಟರ್. ಮುಳ್ಳು ಎಲ್ಲಿದೆಯೋ ಅಲ್ಲಿಂದ ಸುತ್ತು ಹಾಕಿ ಮೊದಲು ಸಿಕ್ಕಿದವರಿಗೆ ಕೊಡೋದು, ಆಮೇಲೆ ಮುಳ್ಳನ್ನು ಅವರಿಗಿಂತ ಒಂದು ಮನೆ ಮುಂದೆ ಇಡೋದು.

ಒಂದೇ ಸುತ್ತು ಓಡಿಸಿದರೂ ಇಂಥ ಸಮಾನ ಟ್ರಾಫಿಕ್‌ಗೆ 100 ಪರ್ಸೆಂಟ್ ಬರಬೇಕು ಅಂತ ಓದಿದ್ದೇನೆ. ನನಗೆ ಬರ್ತಿರೋದು 63, ಜಾಸ್ತಿ ಅಂದರೆ 64. ಲೋಡ್ (ಒಳಗೆ ಬರುವ ಮಾಲು) 65 ಪರ್ಸೆಂಟ್ ಇಟ್ಟರೆ ಸಾಲುಗಳು ಇಳಿಯೋದೇ ಇಲ್ಲ, ಮೆಮೊರಿ ತುಂಬುವವರೆಗೂ ಬೆಳೆಯುತ್ತವೆ. 256 ಸಾಲು ಮಾಡಿ, ಮೂರು ಹಂತ ಮಾಡಿ, ಹಳೇ ಫಿಫೋಗಿಂತ ಮೂರು ಪರ್ಸೆಂಟ್ ಜಾಸ್ತಿ! ಇಷ್ಟಕ್ಕೆ ಇಷ್ಟೆಲ್ಲ ಬೇಕಿತ್ತಾ?

ರ‍್ಯಾಂಡಮ್ ಸೀಡ್ ಬದಲಾಯಿಸಿ ನೋಡಿದೆ. ಪ್ಯಾಕೆಟ್ ಎಲ್ಲಾದರೂ ಕಳೆದುಹೋಗ್ತಿದೆಯಾ ಅಂತ ಬಂದದ್ದು, ಹೋದದ್ದು, ಉಳಿದದ್ದು ಕೂಡಿಸಿ ಕಳೆದು ನೋಡಿದೆ, ಲೆಕ್ಕ ಸರಿ ಇದೆ. ಇಲ್ಲಿ ಈಗ 42 ಡಿಗ್ರಿ. ಲ್ಯಾಪ್‌ಟಾಪ್ ಕೆಳಗೆ ಒದ್ದೆ ಬಟ್ಟೆ ಸುತ್ತಿದ ಸ್ಟೀಲ್ ತಟ್ಟೆ ಇಟ್ಟು ಓಡಿಸ್ತಿದ್ದೇನೆ. ಮೊನ್ನೆ ಹತ್ತು ಲಕ್ಷ ಸ್ಲಾಟ್‌ನ ಓಟದಲ್ಲಿ ಒಂಬತ್ತು ಲಕ್ಷ ಮುಗಿದಾಗ ಕರೆಂಟ್ ಹೋಯಿತು. ಬ್ಯಾಟರಿ ಸತ್ತು ಎರಡು ವರ್ಷ ಆಗಿದೆ.

ಕೋಡಿನ ಮುಖ್ಯ ಭಾಗವನ್ನು ಮಾತಿನಲ್ಲೇ ಹೇಳ್ತೀನಿ. ಪ್ರತಿ ಔಟ್‌ಪುಟ್‌ಗೆ ಒಂದು ಲೂಪ್. ಮುಳ್ಳಿನಿಂದ ಶುರು ಮಾಡಿ ರಿಕ್ವೆಸ್ಟ್ ಇರುವ ಮೊದಲ ಇನ್‌ಪುಟ್ ಹುಡುಕ್ತೀನಿ, ಗ್ರಾಂಟ್ ಬರೆದುಕೊಳ್ತೀನಿ, ಮುಳ್ಳನ್ನು ಸರಿಸ್ತೀನಿ. ಆ ಲೂಪ್ ಮುಗಿದ ಮೇಲೆ ಇನ್‌ಪುಟ್‌ಗಳ ಲೂಪ್, ಅಲ್ಲೂ ಅದೇ ರೀತಿ.

ಎರಡು ಪ್ರಶ್ನೆ. ಒಂದು, ಎಲ್ಲಿ ತಪ್ಪಿದೆ? ಎರಡು, ಈ ಗ್ರಾಂಟ್, ಅಕ್ಸೆಪ್ಟ್ ಎಲ್ಲ ಬಿಟ್ಟು ಪ್ರತಿ ಸ್ಲಾಟ್‌ಗೂ ಹಾಪ್‌ಕ್ರಾಫ್ಟ್ ಕಾರ್ಪ್ ಅಲ್ಗಾರಿದಮ್ ಹಾಕಿ ಅತಿ ದೊಡ್ಡ ಮ್ಯಾಚಿಂಗ್ (ಇನ್‌ಪುಟ್, ಔಟ್‌ಪುಟ್ ಜೋಡಿಗಳ ಗುಂಪು) ತೆಗೆದರೆ ಆಗಲ್ವಾ? ಅದಕ್ಕಿಂತ ಜಾಸ್ತಿ ಪ್ಯಾಕೆಟ್ ಯಾರೂ ಕಳಿಸೋಕೆ ಸಾಧ್ಯವೇ ಇಲ್ಲವಲ್ಲ.

ಸುಮ್ನೆ ನೋಡ್ತೀನಿ

ಒಂದು ಸುತ್ತು ಸಾಲದು. ನಾಲ್ಕು ಸುತ್ತು ಓಡಿಸಿ. ಮೊದಲ ಸುತ್ತಿನಲ್ಲಿ ಜೋಡಿ ಸಿಗದೆ ಉಳಿದವರು ಎರಡನೇ ಸುತ್ತಿನಲ್ಲಿ ಜೋಡಿ ಆಗ್ತಾರೆ. 16 ಪೋರ್ಟ್‌ಗೆ ನಾಲ್ಕು ಸುತ್ತು ಬಹಳ ಆಯಿತು.

ಗಂಜ್ ಹುಡುಗಿ, ಕಲಬುರಗಿ

ಓಡಿಸಿದೆ ಅಣ್ಣ, ಮೇಲೆ ಹೋಯಿತು, ನಿಜ. ಆದರೆ ಒಂದು ಸುತ್ತಿಗೆ ಬರಬೇಕಾದ ಉತ್ತರವೇ ಬರ್ತಿಲ್ಲ ಅಂದ ಮೇಲೆ ಒಳಗೆ ಏನೋ ಕೆಟ್ಟಿದೆ. ನಾಲ್ಕು ಸುತ್ತು ಹಾಕಿ ಅದನ್ನು ಮುಚ್ಚಿಟ್ಟ ಹಾಗಾಗುತ್ತೆ. ವೈವಾದಲ್ಲಿ ಕೇಳಿದರೆ ಏನು ಹೇಳಲಿ?

ಬೀದರ್ ಬಿಟ್ಟವನು

ತಂಗಿ, ನಿನ್ನ ಅನುಮಾನ ಸರಿ ಇದೆ. ತಪ್ಪು ಒಂದೇ ಸಾಲಿನದು, ನೀನೇ ಅದನ್ನು ಪೋಸ್ಟ್‌ನಲ್ಲಿ ಬರೆದಿದ್ದೀಯ. "ಗ್ರಾಂಟ್ ಬರೆದುಕೊಳ್ತೀನಿ, ಮುಳ್ಳನ್ನು ಸರಿಸ್ತೀನಿ." ಅಲ್ಲೇ ಇರೋದು. ಗ್ರಾಂಟ್ ಕೊಟ್ಟ ಕೂಡಲೇ ಮುಳ್ಳು ಸರಿಸಬಾರದು. ಆ ಗ್ರಾಂಟನ್ನು ಇನ್‌ಪುಟ್ ಒಪ್ಪಿಕೊಂಡರೆ ಮಾತ್ರ ಸರಿಸಬೇಕು. ಒಪ್ಪದಿದ್ದರೆ ಮುಳ್ಳು ಇದ್ದಲ್ಲೇ ಇರಬೇಕು.

ಇಷ್ಟು ಸಣ್ಣ ವಿಷಯಕ್ಕೆ ಅಷ್ಟು ವ್ಯತ್ಯಾಸ ಆಗುತ್ತಾ ಅಂತ ಅನ್ನಿಸಬಹುದು. ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷ ಇದೇ ತಪ್ಪು ಮಾಡಿ, ವೆರಿಲಾಗ್‌ನಲ್ಲಿ ಬರೆದು, ಒಂದು ವಾರ ವೇವ್‌ಫಾರ್ಮ್ ನೋಡ್ತಾ ಕೂತಿದ್ದೆ. ಕೊನೆಗೆ ಹದಿನಾರು ಪೋರ್ಟ್ ಬಿಟ್ಟು ಎರಡೇ ಪೋರ್ಟ್ ಇಟ್ಟುಕೊಂಡು ಹಾಳೆ ಮೇಲೆ ಬರೆದಾಗ ಗೊತ್ತಾಯಿತು. ನೀನೂ ಪೆನ್ನು ತಗೋ.

ಇನ್‌ಪುಟ್ ಅ, ಆ. ಔಟ್‌ಪುಟ್ ಕ, ಖ. ನಾಲ್ಕು ಸಾಲಿನಲ್ಲೂ ಬೇಕಾದಷ್ಟು ಪ್ಯಾಕೆಟ್ ಇದೆ ಅಂದುಕೋ. ಶುರುವಿನಲ್ಲಿ ಕ, ಖ ಎರಡರ ಮುಳ್ಳೂ ಅ ಕಡೆಗೆ ಇದೆ.

ನಿನ್ನ ಕೋಡ್ ಹೀಗೆ ಓಡುತ್ತೆ. ಮೊದಲ ಸ್ಲಾಟ್: ಕ ಕೂಡ ಅ‌ಗೆ ಗ್ರಾಂಟ್ ಕೊಡುತ್ತೆ, ಖ ಕೂಡ ಅ‌ಗೇ ಕೊಡುತ್ತೆ. ಅ ಎರಡನ್ನೂ ಒಪ್ಪಿಕೊಳ್ಳೋಕೆ ಆಗಲ್ಲ, ಕ ಒಂದನ್ನು ತಗೊಂಡಿತು. ಖ ಖಾಲಿ ಕೂತಿತು, ಇನ್‌ಪುಟ್ ಆ ಖಾಲಿ ನಿಂತಿತು. ಆದರೂ ಎರಡು ಮುಳ್ಳೂ ಇನ್‌ಪುಟ್ ಆ ಕಡೆಗೆ ಸರಿದವು. ಎರಡನೇ ಸ್ಲಾಟ್: ಈಗ ಇಬ್ಬರೂ ಸೇರಿ ಆ‌ಗೆ ಗ್ರಾಂಟ್. ಮತ್ತೆ ಒಂದೇ ಪ್ಯಾಕೆಟ್. ಮೂರನೇ ಸ್ಲಾಟ್‌ಗೆ ಮತ್ತೆ ಅ. ಎರಡು ಔಟ್‌ಪುಟ್ ಜೋಡೆತ್ತಿನ ಹಾಗೆ ಒಂದೇ ಕಡೆ ಹೋಗ್ತವೆ, ಒಂದೇ ಕಡೆ ಬರ್ತವೆ. ಯಾವತ್ತೂ ಬೇರೆ ಆಗಲ್ಲ. ಥ್ರೂಪುಟ್, ಅಂದರೆ ಹೊರಗೆ ಹೋಗುವ ಪ್ರಮಾಣ, 50 ಪರ್ಸೆಂಟ್.

ಈಗ ಆ ಸಾಲನ್ನು ತಿದ್ದಿ ನೋಡು. ಮೊದಲ ಸ್ಲಾಟ್ ಅದೇ ಗೋಳು, ಒಂದೇ ಪ್ಯಾಕೆಟ್. ಆದರೆ ಕ‌ದ ಗ್ರಾಂಟ್ ಮಾತ್ರ ಒಪ್ಪಿಗೆ ಆಯಿತು, ಅದರ ಮುಳ್ಳು ಇನ್‌ಪುಟ್ ಆ ಕಡೆಗೆ ಸರಿಯಿತು. ಖ‌ದ್ದು ಒಪ್ಪಿಗೆ ಆಗಲಿಲ್ಲ, ಅದರ ಮುಳ್ಳು ಅ ಹತ್ತಿರವೇ ಉಳಿಯಿತು. ಎರಡನೇ ಸ್ಲಾಟ್: ಕ ಹೋಗಿ ಆ‌ಗೆ ಕೊಡುತ್ತೆ, ಖ ಅ‌ಗೆ ಕೊಡುತ್ತೆ. ಇಬ್ಬರೂ ಒಪ್ಪಿದರು, ಎರಡು ಪ್ಯಾಕೆಟ್ ಹೋದವು. ಎರಡು ಮುಳ್ಳೂ ಸರಿದವು, ಅದಲುಬದಲು ಆದವು. ಮೂರನೇ ಸ್ಲಾಟ್‌ನಲ್ಲೂ ಎರಡು ಪ್ಯಾಕೆಟ್. ಇನ್ನು ಮುಂದೆ ಯಾವತ್ತೂ ಜಗಳ ಇಲ್ಲ. ಮೊದಲ ಸ್ಲಾಟ್‌ನಲ್ಲಿ ಆದ ಡಿಕ್ಕಿಯೇ ಅವರನ್ನು ಬೇರೆ ಮಾಡಿತು ನೋಡು. ಯಾರೂ ಮೇಲಿಂದ ಹೇಳಲಿಲ್ಲ.

ನಿನಗೆ 50 ಬರದೆ 63 ಯಾಕೆ ಬಂತು? ಹದಿನಾರು ಪೋರ್ಟ್, ಪ್ಯಾಕೆಟ್ ಬರೋದೂ ರ‍್ಯಾಂಡಮ್. ಮುಳ್ಳುಗಳು ಪೂರ್ತಿ ಒಟ್ಟಿಗೆ ಅಂಟಿಕೊಳ್ಳಲ್ಲ, ಪೂರ್ತಿ ಬಿಡಿಬಿಡಿಯೂ ಆಗಲ್ಲ. ಹೆಚ್ಚುಕಡಿಮೆ ಚೀಟಿ ಎತ್ತಿದ ಹಾಗೆ ನಡೆದುಕೊಳ್ಳುತ್ತವೆ. ಹದಿನಾರು ಔಟ್‌ಪುಟ್ ಹದಿನಾರು ಇನ್‌ಪುಟ್‌ನಲ್ಲಿ ಯಾರನ್ನಾದರೂ ಚೀಟಿ ಎತ್ತಿ ಆರಿಸಿದರೆ, ಒಂದು ಇನ್‌ಪುಟ್‌ಗೆ ಒಬ್ಬರೂ ಗ್ರಾಂಟ್ ಕೊಡದೆ ಇರುವ ಸಾಧ್ಯತೆ ಹದಿನಾರರಲ್ಲಿ ಹದಿನೈದು ಭಾಗವನ್ನು ಹದಿನಾರು ಸಲ ಗುಣಿಸಿದಷ್ಟು. 0.356 ಬರುತ್ತೆ. ಒಂದರಿಂದ ಕಳೆ. 0.644. ಪೋರ್ಟ್ ಹೆಚ್ಚಿಸುತ್ತಾ ಹೋದರೆ ಅದು 63.2ಕ್ಕೆ ಇಳಿಯುತ್ತೆ. ನಿನ್ನ ಸಂಖ್ಯೆ ಸುಮ್ನೆ ಬಂದದ್ದಲ್ಲ.

ನೀನು ಬರೆದದ್ದಕ್ಕೂ ಹೆಸರು ಇದೆ, ಆರ್‌ಆರ್‌ಎಂ ಅಂತಾರೆ. ಅದಕ್ಕೂ ಮೊದಲು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯವರು ನಿಜವಾಗಿಯೂ ಚೀಟಿ ಎತ್ತುವ ಪದ್ಧತಿ ಮಾಡಿದ್ದರು. ಪಿಐಎಂ ಅಂತ ಹೆಸರು, 1993ರ ಲೇಖನ, ಆಂಡರ್ಸನ್ ಮತ್ತು ಜೊತೆಗಾರರದ್ದು. ಒಂದು ಸುತ್ತಿಗೆ ಅದಕ್ಕೂ 63ರ ಹತ್ತಿರವೇ. ಸುತ್ತು ಜಾಸ್ತಿ ಮಾಡಿದರೆ ಸರಿ ಹೋಗುತ್ತೆ, ಆದರೆ ಅಷ್ಟು ವೇಗದಲ್ಲಿ ಚಿಪ್ ಒಳಗೆ ರ‍್ಯಾಂಡಮ್ ಆಯ್ಕೆ ಮಾಡೋದು ದುಬಾರಿ ಕೆಲಸ. ಮುಳ್ಳು ಸುತ್ತಿಸೋದು ಅಗ್ಗ. ನಿಕ್ ಮೆಕ್‌ಕಿಯೋನ್ ಐಸ್ಲಿಪ್‌ನಲ್ಲಿ ಮಾಡಿದ್ದು ಇದೇ, ಮುಳ್ಳು ಯಾವಾಗ ಸರಿಯಬೇಕು ಅನ್ನೋದನ್ನು ಬದಲಿಸಿದ್ದು. 1999ರಲ್ಲಿ ಅವರ ಲೇಖನ ಬಂತು. ಸಿಸ್ಕೋದ 12000 ಸರಣಿಯ ರೌಟರ್‌ಗಳಲ್ಲಿ ಅದು ಓಡುತ್ತಿತ್ತು.

ಹಾಪ್‌ಕ್ರಾಫ್ಟ್ ಕಾರ್ಪ್ ಪ್ರಶ್ನೆಗೆ ಸಂಜೆ ಬರೀತೀನಿ, ಮೀಟಿಂಗ್ ಇದೆ.

ಕೇಬಲ್ ಭಾಯ್, ಸೇಡಂ ರೋಡ್

ಕ್ಷಮಿಸಿ, ಮಧ್ಯೆ ಬಾಯಿ ಹಾಕ್ತೀನಿ. ನಾನು ಕಲಬುರಗಿಯಲ್ಲಿ ಮನೆಗಳಿಗೆ ಇಂಟರ್ನೆಟ್ ಕೊಡುವವನು. ನನ್ನ ಹತ್ತಿರ 24 ಪೋರ್ಟ್ ಸ್ವಿಚ್ ಹತ್ತಾರು ಇವೆ. ಯಾವತ್ತೂ ಒಂದು ಪ್ಯಾಕೆಟ್ ಒಳಗಡೆ ಹೀಗೆ ಸಿಕ್ಕಿಹಾಕಿಕೊಂಡಿದೆ ಅಂತ ಕಂಪ್ಲೇಂಟ್ ಬಂದಿಲ್ಲ. ಕಂಪ್ಲೇಂಟ್ ಬರೋದು ಜೆಸಿಬಿಯವನು ಫೈಬರ್ ಕಿತ್ತಾಗ. ಇಲ್ಲಾ ಸಂಜೆ ಎಂಟಕ್ಕೆ ಎಲ್ಲರೂ ಮ್ಯಾಚ್ ನೋಡೋಕೆ ಕೂತಾಗ ಅಪ್‌ಲಿಂಕ್ ತುಂಬುತ್ತೆ, ಆಗ. ಒಬ್ಬ ದೊಡ್ಡ ಫೈಲ್ ಡೌನ್‌ಲೋಡ್ ಹಾಕಿದರೆ ಪಕ್ಕದ ಮನೆಯವನ ವಿಡಿಯೋ ಕಾಲ್ ಕಟ್ ಆಗುತ್ತೆ. ಅದಕ್ಕೆ ಅಲ್ಗಾರಿದಮ್ ಇದ್ದರೆ ಹೇಳಿ, ಅದು ಉಪಯೋಗ. ಇದೆಲ್ಲ ಓದೋಕೆ ಚೆನ್ನಾಗಿದೆ ಅಷ್ಟೇ.

ಬೀದರ್ ಬಿಟ್ಟವನು

ಭಾಯ್, ನೀವು ಹೇಳೋದು ಬೇರೆ ಬಾಗಿಲು. ಹುಡುಗಿ ಕೇಳ್ತಿರೋದು ಸ್ವಿಚ್ ಒಳಗೆ ಯಾವ ಇನ್‌ಪುಟ್ ಯಾವ ಔಟ್‌ಪುಟ್‌ಗೆ ಸೇರಬೇಕು ಅಂತ. ನೀವು ಕೇಳ್ತಿರೋದು ಒಂದೇ ಔಟ್‌ಪುಟ್ ತಂತಿ ಮೇಲೆ ಯಾರ ಪ್ಯಾಕೆಟ್ ಮೊದಲು ಹೋಗಬೇಕು ಅಂತ. ಎರಡಕ್ಕೂ ಶೆಡ್ಯೂಲಿಂಗ್ ಅನ್ನೋದರಿಂದ ಗೊಂದಲ.

ನಿಮ್ಮದಕ್ಕೆ ಡೆಫಿಸಿಟ್ ರೌಂಡ್ ರಾಬಿನ್ ಇದೆ. ಶ್ರೀಧರ್ ಮತ್ತು ವರ್ಗೀಸ್ 1995ರಲ್ಲಿ ಬರೆದದ್ದು, ಇವತ್ತಿಗೂ ಬಹಳ ಕಡೆ ಬಳಕೆಯಲ್ಲಿದೆ. ಪ್ರತಿ ಮನೆಗೂ ಒಂದು ಸಾಲು, ಪ್ರತಿ ಸಾಲಿಗೂ ಒಂದು ಉದ್ರಿ ಪುಸ್ತಕ. ಸುತ್ತು ಬಂದಾಗೆಲ್ಲ ಪುಸ್ತಕಕ್ಕೆ 500 ಬೈಟ್ ಜಮಾ. ಮುಂದಿನ ಪ್ಯಾಕೆಟ್ 700 ಬೈಟ್ ಇದ್ದರೆ ಈ ಸುತ್ತಿನಲ್ಲಿ ಹೋಗೋಕೆ ಆಗಲ್ಲ, ಆದರೆ ಆ 500 ಹಾಳಾಗಲ್ಲ. ಮುಂದಿನ ಸುತ್ತಿಗೆ 1000 ಆಗುತ್ತೆ, 700 ಹೋಗುತ್ತೆ, 300 ಉಳಿಯುತ್ತೆ. ಸಾಲು ಖಾಲಿ ಆದರೆ ಮಾತ್ರ ಜಮಾ ಸೊನ್ನೆ, ಸುಮ್ನೆ ಕೂತು ಉಳಿತಾಯ ಮಾಡೋಕೆ ಬಿಡಲ್ಲ. ದೊಡ್ಡ ಪ್ಯಾಕೆಟ್‌ನವನೂ ಸಣ್ಣ ಪ್ಯಾಕೆಟ್‌ನವನೂ ಕೊನೆಗೆ ಸಮ. ನಿಮ್ಮ ರೌಟರ್‌ನ ಕ್ಯೂ ಸೆಟ್ಟಿಂಗ್‌ನಲ್ಲಿ ಡಿಆರ್‌ಆರ್ ಅಂತ ಇದೆಯಾ ನೋಡಿ. ಲಿನಕ್ಸ್‌ನಲ್ಲಂತೂ ಇದ್ದೇ ಇದೆ.

ಮತ್ತೆ ನಿಮ್ಮ 24 ಪೋರ್ಟ್ ಸ್ವಿಚ್‌ನಲ್ಲಿ ಈ ತೊಂದರೆ ಕಾಣದೆ ಇರೋಕೆ ಕಾರಣ, ಅಂಥ ಸಣ್ಣ ಸ್ವಿಚ್‌ನಲ್ಲಿ ಒಂದೇ ಚಿಪ್ ಇರುತ್ತೆ, ಎಲ್ಲ ಪೋರ್ಟ್‌ಗೂ ಒಂದೇ ಮೆಮೊರಿ. ಬಂದ ಪ್ಯಾಕೆಟ್ ನೇರ ಔಟ್‌ಪುಟ್ ಸಾಲಿನಲ್ಲೇ ಕೂರುತ್ತೆ. ಪೋರ್ಟ್‌ಗಳ ವೇಗ ಎಲ್ಲ ಕೂಡಿಸಿದಷ್ಟು ವೇಗ ಆ ಒಂದು ಮೆಮೊರಿಗೆ ಇರಬೇಕು, ಸಣ್ಣದರಲ್ಲಿ ಅದು ಆಗುತ್ತೆ. ಹತ್ತಾರು ಕಾರ್ಡ್ ಹಾಕುವ ದೊಡ್ಡ ರೌಟರ್‌ನಲ್ಲಿ ಆಗಲ್ಲ. ಅಲ್ಲಿ ವಿಒಕ್ಯೂ ಇವತ್ತಿಗೂ ಇದೆ.

ಈಗ ತಂಗಿಯ ಎರಡನೇ ಪ್ರಶ್ನೆ. ಮೊದಲು ಗಡಿಯಾರ ನೋಡು. 64 ಬೈಟ್‌ನ ಒಂದು ತುಂಡು 10 ಗಿಗಾಬಿಟ್ ತಂತಿಯಲ್ಲಿ 51.2 ನ್ಯಾನೋಸೆಕೆಂಡ್ ತಗೊಳ್ಳುತ್ತೆ. ಅಷ್ಟರಲ್ಲಿ ಫೈಬರ್ ಒಳಗೆ ಬೆಳಕು ಹತ್ತು ಮೀಟರ್ ಹೋಗುತ್ತೆ, ಅಷ್ಟೇ. ಅಷ್ಟರೊಳಗೆ ಮ್ಯಾಚಿಂಗ್ ಹುಡುಕಿ ಮುಗಿಸಬೇಕು. 100 ಗಿಗಾಬಿಟ್ ಆದರೆ 5 ನ್ಯಾನೋಸೆಕೆಂಡ್ ಚಿಲ್ಲರೆ. ಹಾಪ್‌ಕ್ರಾಫ್ಟ್ ಕಾರ್ಪ್ 1973ರಿಂದ ಇದೆ, ಪುಸ್ತಕದ ಲೆಕ್ಕದಲ್ಲಿ ಚುರುಕು. ಆದರೆ ಒಂದು ಹೆಜ್ಜೆ ಮುಗಿದ ಮೇಲೆ ಇನ್ನೊಂದು ಅಂತ ಹೋಗುತ್ತೆ, ಹಾದಿ ಸರಿ ಇಲ್ಲ ಅಂದರೆ ಹಿಂದೆ ಬಂದು ಜೋಡಿ ಬಿಡಿಸುತ್ತೆ. ಹಾರ್ಡ್‌ವೇರ್‌ಗೆ ಇದು ಹಿಡಿಸಲ್ಲ. ಐಸ್ಲಿಪ್‌ನಲ್ಲಿ ಒಮ್ಮೆ ಆದ ಜೋಡಿಯನ್ನು ಬಿಡಿಸೋದೇ ಇಲ್ಲ. ಹದಿನಾರು ಔಟ್‌ಪುಟ್ ಒಟ್ಟಿಗೆ ತೀರ್ಮಾನ ಮಾಡ್ತವೆ, ಒಬ್ಬರನ್ನೊಬ್ಬರು ಕೇಳಲ್ಲ.

ಯಾದಗಿರಿ ಮೇಷ್ಟ್ರು

ವೇಗದ ಮಾತು ಸರಿ. ಆದರೆ ವೇಗ ಇದ್ದರೂ ಅತಿ ದೊಡ್ಡ ಮ್ಯಾಚಿಂಗ್ ಒಳ್ಳೆಯದಲ್ಲ ಅನ್ನೋದನ್ನು ಯಾರೂ ಹೇಳಲಿಲ್ಲ. ಅದು ಹೇಳಬೇಕು, ಯಾಕೆಂದರೆ ಮಕ್ಕಳು ವೈವಾದಲ್ಲಿ ಇಲ್ಲೇ ಜಾರೋದು.

ಗಂಜ್‌ನ ಲೆಕ್ಕದಲ್ಲೇ ಹೇಳ್ತೀನಿ ಅವ್ವಾ. ಎರಡು ಊರಿನ ಸಾಲು, ಎರಡು ಅಂಗಡಿ. ಆಳಂದದ ರೈತರು ಎರಡೂ ಅಂಗಡಿಗೆ ಮಾಲು ತರ್ತಾರೆ. ಜೇವರ್ಗಿಯ ರೈತರು ಮೊದಲನೇ ಅಂಗಡಿಗೆ ಮಾತ್ರ ತರ್ತಾರೆ. ಒಂದು ಸಲಕ್ಕೆ ಒಂದು ಊರಿಂದ ಒಂದು ಗಾಡಿ, ಒಂದು ಅಂಗಡಿಗೂ ಒಂದೇ ಗಾಡಿ. ಪ್ರತಿ ಸಲ ಅತಿ ಹೆಚ್ಚು ಗಾಡಿ ಬಿಡಬೇಕು ಅಂದರೆ ಏನು ಮಾಡ್ತೀಯ? ಜೇವರ್ಗಿಯದನ್ನು ಮೊದಲನೇ ಅಂಗಡಿಗೆ, ಆಳಂದದ್ದನ್ನು ಎರಡನೇ ಅಂಗಡಿಗೆ. ಎರಡು ಗಾಡಿ ಹೋಗುತ್ತೆ. ಮತ್ತೆ ಅದೇ, ಮತ್ತೆ ಅದೇ. ಮೂರು ಸಾಲಿನಲ್ಲೂ ಮಾಲು ಇರುವವರೆಗೆ ಆಳಂದದಿಂದ ಮೊದಲನೇ ಅಂಗಡಿಗೆ ಹೋಗುವ ಗಾಡಿಯ ಸರದಿ ಬರೋದೇ ಇಲ್ಲ. ಅದನ್ನು ಬಿಟ್ಟರೆ ಆ ಹೊತ್ತಿಗೆ ಒಂದೇ ಗಾಡಿ ಹೋಗುತ್ತೆ, ಲೆಕ್ಕ ಕಡಿಮೆ ಬೀಳುತ್ತೆ. ಅಲ್ಲಿ ನಿಂತವನು ನಿಂತೇ ಇರ್ತಾನೆ.

ಹಾಗಾಗಿ ಎಷ್ಟು ಜೋಡಿ ಅಂತ ಎಣಿಸಬಾರದು, ಎಷ್ಟು ಉದ್ದದ ಸಾಲು ಕಾಯ್ತಿದೆ ಅಂತ ತೂಗಬೇಕು. ಸಾಲಿನ ಉದ್ದವೇ ಜೋಡಿಯ ತೂಕ. ಒಟ್ಟು ತೂಕ ಎಲ್ಲಕ್ಕಿಂತ ಜಾಸ್ತಿ ಇರುವ ಮ್ಯಾಚಿಂಗ್ ಆರಿಸು. ಆಗ ಆಳಂದದ ಸಾಲು ಬೆಳೆದಷ್ಟೂ ಅದರ ತೂಕ ಬೆಳೆಯುತ್ತೆ, ಒಂದು ಹೊತ್ತಿಗೆ ಅದು ಗೆಲ್ಲಲೇಬೇಕು. ಯಾವ ಪೋರ್ಟ್‌ಗೂ ಅದರ ಶಕ್ತಿ ಮೀರಿ ಮಾಲು ಬರದೆ ಇದ್ದರೆ ಇದು 100 ಪರ್ಸೆಂಟ್ ಕೊಡುತ್ತೆ, ಟ್ರಾಫಿಕ್ ಸಮಾನವಾಗಿ ಹಂಚಿರಬೇಕು ಅಂತಲೂ ಇಲ್ಲ. ಮೆಕ್‌ಕಿಯೋನ್, ಅನಂತರಾಮ್, ವಾಲ್‌ರಾಂಡ್ 1996ರಲ್ಲಿ ತೋರಿಸಿದ್ದು. ತೊಂದರೆ ಏನು ಅಂದರೆ ಲೆಕ್ಕದ ಭಾರ ಪೋರ್ಟ್ ಸಂಖ್ಯೆಯ ಘನದಷ್ಟು ಏರುತ್ತೆ.

ಈಗ ನನಗೆ ಬಹಳ ಇಷ್ಟವಾದದ್ದು ಹೇಳ್ತೀನಿ. 1998ರಲ್ಲಿ ಟಾಸಿಯುಲಾಸ್ ಬರೆದದ್ದು. ಹೋದ ಸ್ಲಾಟ್‌ನ ಮ್ಯಾಚಿಂಗ್ ನೆನಪಿಟ್ಟುಕೋ. ಕಣ್ಣು ಮುಚ್ಚಿ ರ‍್ಯಾಂಡಮ್ ಆಗಿ ಇನ್ನೊಂದು ಮ್ಯಾಚಿಂಗ್ ತೆಗೆ. ಎರಡನ್ನೂ ಇವತ್ತಿನ ಸಾಲಿನ ಉದ್ದದಿಂದ ತೂಗಿ, ಭಾರ ಇರುವುದನ್ನು ಇಟ್ಟುಕೋ. ಅಷ್ಟೇ. ಹುಡುಕಾಟವೇ ಇಲ್ಲ. ಇಷ್ಟರಿಂದಲೇ 100 ಪರ್ಸೆಂಟ್ ಬರುತ್ತೆ! ಯಾಕೆಂದರೆ ಒಂದು ಸ್ಲಾಟ್‌ನಿಂದ ಇನ್ನೊಂದಕ್ಕೆ ಸಾಲುಗಳು ಹೆಚ್ಚು ಬದಲಾಗಲ್ಲ. ನಿನ್ನೆ ಒಳ್ಳೆಯದಾಗಿದ್ದ ಮ್ಯಾಚಿಂಗ್ ಇವತ್ತೂ ಹೆಚ್ಚುಕಡಿಮೆ ಒಳ್ಳೆಯದೇ. ಕಾಯುವ ಹೊತ್ತು ಮಾತ್ರ ಬಹಳ ಜಾಸ್ತಿ ಆಗುತ್ತೆ, ಅದಕ್ಕೆ ಯಾರೂ ಹಾಗೇ ಬಳಸಲ್ಲ. ಪೈಥಾನ್‌ನಲ್ಲಿ ಇಪ್ಪತ್ತು ಸಾಲು ಆಗಬಹುದು. ಪ್ರಾಜೆಕ್ಟ್‌ನಲ್ಲಿ ಸೇರಿಸು.

ಇನ್ನೊಂದು ಮಾತು. ಸಮಾನ ಟ್ರಾಫಿಕ್‌ನಲ್ಲಿ ಐಸ್ಲಿಪ್ ಚೆನ್ನಾಗಿ ಕಾಣುತ್ತೆ, ಅದಕ್ಕೆ ಮೋಸ ಹೋಗಬೇಡ. ಓರೆ ಟ್ರಾಫಿಕ್ ಕೊಟ್ಟು ನೋಡು: ಒಂದನೇ ಇನ್‌ಪುಟ್‌ನ ಮೂರರಲ್ಲಿ ಎರಡು ಪಾಲು ಒಂದನೇ ಔಟ್‌ಪುಟ್‌ಗೆ, ಉಳಿದ ಒಂದು ಪಾಲು ಎರಡನೇ ಔಟ್‌ಪುಟ್‌ಗೆ. ಎರಡನೇ ಇನ್‌ಪುಟ್‌ನದು ಎರಡಕ್ಕೂ ಮೂರಕ್ಕೂ, ಹೀಗೆ ಸುತ್ತಿಸು.

ಗಂಜ್ ಹುಡುಗಿ, ಕಲಬುರಗಿ

ಬೀದರ್ ಅಣ್ಣ, ಒಂದು ಸಾಲನ್ನು ಮೇಲಿನ ಲೂಪ್‌ನಿಂದ ತೆಗೆದು ಕೆಳಗಿನ ಲೂಪ್‌ಗೆ ಹಾಕಿದೆ, ಅಷ್ಟೇ. ಲೋಡ್ 99ರಲ್ಲೂ ಸಾಲುಗಳು ಬೆಳೆದು ಮತ್ತೆ ಇಳಿತಿವೆ. ಹದಿನೈದು ದಿನ! ಆ ಒಂದು ಸಾಲಿಗೆ! ರಾತ್ರಿ ಹನ್ನೊಂದೂವರೆಗೆ ಕೂಗಿಬಿಟ್ಟೆ, ಅಮ್ಮ ಹಲ್ಲಿ ಬಿತ್ತಾ ಅಂತ ಎದ್ದು ಬಂದರು.

ನಂಬಿಕೆ ಆಗದೆ ಎಲ್ಲ ಸಾಲನ್ನೂ ತುಂಬಿಟ್ಟು, ಹದಿನಾರು ಮುಳ್ಳನ್ನೂ ಪ್ರತಿ ಸ್ಲಾಟ್‌ಗೆ ಪ್ರಿಂಟ್ ಮಾಡಿಸಿದೆ. ಶುರುವಿನಲ್ಲಿ ಎಲ್ಲವೂ ಸೊನ್ನೆ. ಮೊದಲ ಸ್ಲಾಟ್‌ನಲ್ಲಿ ಒಂದೇ ಮುಳ್ಳು ಸರಿಯಿತು, ಎರಡನೆಯದರಲ್ಲಿ ಎರಡು. ಒಂದೊಂದಾಗಿ ಗುಂಪು ಬಿಟ್ಟು ಹೊರಗೆ ಬಂದವು. ಆಮೇಲೆ ಹದಿನಾರೂ ಬೇರೆ ಬೇರೆ ಸಂಖ್ಯೆ, ಒಂದೂ ಎರಡು ಸಲ ಇಲ್ಲ, ಒಟ್ಟಿಗೆ ಒಂದೊಂದು ಮನೆ ಸರೀತಾ ಹೋಗ್ತಿವೆ. ಆ ಪ್ರಿಂಟ್‌ಔಟನ್ನೇ ರಿಪೋರ್ಟ್‌ಗೆ ಹಾಕ್ತೀನಿ.

ಮೇಷ್ಟ್ರೇ, ಓರೆ ಟ್ರಾಫಿಕ್ ಕೊಟ್ಟೆ. ನೀವು ಹೇಳಿದ ಹಾಗೇ ಆಯಿತು. ಲೋಡ್ 95ಕ್ಕೆ ಸಾಲು ಇಳಿಯಲೇ ಇಲ್ಲ. ನಿಮ್ಮ ಆಳಂದ, ಜೇವರ್ಗಿ ಲೆಕ್ಕವನ್ನು ಅಪ್ಪನಿಗೂ ಹೇಳಿದೆ. ಅವರು ಒಂದು ನಿಮಿಷ ಯೋಚನೆ ಮಾಡಿ, "ಅದಕ್ಕೇ ನಾವು ಜಾಸ್ತಿ ಹೊತ್ತು ನಿಂತವನನ್ನು ಮೊದಲು ಕರೀತೀವಿ" ಅಂದರು. ಸಾಲಿನ ಉದ್ದದ ಬದಲು ಮೊದಲಿನ ಪ್ಯಾಕೆಟ್ ಎಷ್ಟು ಹೊತ್ತು ಕಾದಿದೆ ಅನ್ನೋದನ್ನೇ ತೂಕ ಮಾಡಿದರೆ ನಡೆಯುತ್ತಾ ಸರ್?

ಕೇಬಲ್ ಭಾಯ್, ಮೊನ್ನೆ ಸಂಜೆ ನಮ್ಮ ಮನೆ ನೆಟ್ ಹೋದದ್ದು ನಿಮ್ಮದೇ ಇರಬೇಕು.

ಯಾದಗಿರಿ ಮೇಷ್ಟ್ರು

ನಡೆಯುತ್ತೆ. ಅದಕ್ಕೆ ಓಲ್ಡೆಸ್ಟ್ ಸೆಲ್ ಫಸ್ಟ್ ಅಂತಾರೆ. ಅದಕ್ಕೂ 100 ಪರ್ಸೆಂಟ್ ಸಾಧನೆ ಇದೆ, ಮೆಕ್‌ಕಿಯೋನ್ ಮತ್ತು ಜೊತೆಗಾರರ 1999ರ ಇನ್ನೊಂದು ಲೇಖನದಲ್ಲಿ (ಐಸ್ಲಿಪ್‌ನದಲ್ಲ) ಸಾಲಿನ ಉದ್ದದ್ದು, ಕಾದ ಹೊತ್ತಿನದು ಎರಡೂ ಒಟ್ಟಿಗೆ ಇವೆ. ಅದರಲ್ಲಿ ಇನ್ನೂ ಒಂದು ಲಾಭ ಇದೆ. ಉದ್ದವನ್ನು ತೂಗಿದರೆ, ಒಂದೇ ಪ್ಯಾಕೆಟ್ ಇರುವ ಸಾಲು ಬೇರೆ ಉದ್ದ ಸಾಲುಗಳ ಮಧ್ಯೆ ಹಾಗೇ ಉಳಿದುಬಿಡಬಹುದು. ಕಾದ ಹೊತ್ತನ್ನು ತೂಗಿದರೆ ಆ ಭಯ ಇಲ್ಲ. ಅಪ್ಪನಿಗೆ ನಮಸ್ಕಾರ ಹೇಳು.

ಬೀದರ್ ಬಿಟ್ಟವನು

ನಾಲ್ಕು ಸುತ್ತು ಓಡಿಸುವಾಗ ಮುಳ್ಳನ್ನು ಮೊದಲ ಸುತ್ತಿನಲ್ಲಿ ಮಾತ್ರ ಸರಿಸ್ತಿದ್ದೀಯ ತಾನೇ? ಮುಳ್ಳು ತೋರಿಸುವ ಇನ್‌ಪುಟ್ ಮೊದಲ ಸುತ್ತಿನಲ್ಲಿ ಬೇರೆ ಔಟ್‌ಪುಟ್ ಜೊತೆ ಹೋಯಿತು ಅಂದುಕೋ. ಎರಡನೇ ಸುತ್ತಿನಲ್ಲಿ ಈ ಔಟ್‌ಪುಟ್ ಇನ್ಯಾರಿಗೋ ಕೊಟ್ಟು ಮುಳ್ಳು ಸರಿಸಿದರೆ, ಆ ಇನ್‌ಪುಟ್‌ನ ಸರದಿ ತಪ್ಪುತ್ತೆ. ಹೀಗೇ ಆಗ್ತಾ ಹೋದರೆ ಒಂದು ಸಾಲು ಉಪವಾಸ ಬೀಳುತ್ತೆ.

ಗಂಜ್ ಹುಡುಗಿ, ಕಲಬುರಗಿ

ಎಲ್ಲ ಸುತ್ತಿನಲ್ಲೂ ಸರಿಸ್ತಿದ್ದೆ ಅಣ್ಣ. ಈಗ ತಿದ್ದಿದೆ. ಗೈಡ್ ಹತ್ತಿರ ನಾಳೆ ಹೋಗ್ತೀನಿ.